ಗಾಳ ಸಮುದ್ರಕ್ಕೆ, ಕಣ್ಣು ಘಟ್ಟಕ್ಕೆ

ಮೀನು ಹಿಡಿಯಲು ಹೋಗಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತವರನ್ನು ನೀವು ನೋಡಿರಲಿಕ್ಕಿಲ್ಲ. ನಾನು ಮೂರು ದಿನ ಹಾಗೆ ನಿಂತಿದ್ದೆ. ಉಡುಪಿಯಿಂದಾಚೆ ಹೊಳೆ ಸಮುದ್ರ ಸೇರುವ ಒಂದು ಅಳಿವೆ, ಮೊಣಕಾಲುದ್ದ ಉಪ್ಪುನೀರು, ಕೈಯಲ್ಲಿ ಒಂಬತ್ತಡಿಯ ಕೋಲು. ಇಡೀ ಅರಬ್ಬೀ ಸಮುದ್ರ ನನಗಾಗಿಯೇ ಎಂಬಂತೆ ಬಿದ್ದುಕೊಂಡಿತ್ತು. ನನ್ನ ಕಣ್ಣು ಮಾತ್ರ ಮೂಡಣಕ್ಕೆ, ಘಟ್ಟದ ಮೇಲೆ ಏಳುತ್ತಿದ್ದ ಮೋಡಗಳ ಮೇಲೆ ನೆಟ್ಟಿತ್ತು. ಆ ಮೋಡಗಳ ಕೆಳಗೆಲ್ಲೋ ಬಾಳೂರಿನ ಹತ್ತಿರ ನನ್ನ ಕಾಫಿ ತೋಟವಿದೆ. ಏಪ್ರಿಲ್ ಬಂದಿತ್ತು, ಹೂಮಳೆ ಬಂದಿರಲಿಲ್ಲ.

ಹೂಮಳೆಯ ವಿಷಯ ಬಯಲುಸೀಮೆಯವರಿಗೆ ಹೇಳಿದರೆ ನಗುತ್ತಾರೆ. ನಮ್ಮಲ್ಲಿ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಬೇಸಗೆಯಲ್ಲಿ ಒಮ್ಮೆ ಎಪ್ಪತ್ತೋ ನೂರೋ ಸೆಂಟು ಸುರಿದರೆ ಕಾಫಿ ಮೊಗ್ಗು ಎಚ್ಚರಗೊಂಡು ಎಂಟೊಂಬತ್ತು ದಿನಕ್ಕೆ ಹೂವಾಗುತ್ತದೆ. ಏನೂ ಸುರಿಯದಿದ್ದರೂ ಚಿಂತೆಯಿಲ್ಲ, ಮೊಗ್ಗು ಇನ್ನಷ್ಟು ದಿನ ಮಲಗಿರುತ್ತದೆ. ಭಯವಿರುವುದು ನಡುವಿನ ಮಳೆಗೆ. ಮೂವತ್ತು, ನಲವತ್ತು ಸೆಂಟು ಬಿದ್ದು ನಿಂತರೆ ಮೊಗ್ಗಿಗೆ ಅರೆನಿದ್ದೆ. ಹಸಿರಾಗಿಯೇ ಬಾಯಿ ಬಿಟ್ಟು ಒಣಗಿಹೋಗುತ್ತದೆ. ಆಗ ಒಂದೆರಡು ದಿನದೊಳಗೆ ಪಂಪು ಹಚ್ಚಿ ಸ್ಪ್ರಿಂಕ್ಲರಿನಲ್ಲಿ ಬಾಕಿ ಮಳೆಯನ್ನು ನಾವೇ ಸುರಿಸಬೇಕು. ನಮ್ಮ ಕೆರೆಯಲ್ಲಿ ಒಂದೇ ಸುತ್ತಿಗೆ ಆಗುವಷ್ಟು ನೀರು. ಬೇಡದಾಗ ಹೊಡೆದರೆ ಮುಂದೆ ಕಾಯಿ ಕಚ್ಚುವ ಹೊತ್ತಿಗೆ ಕೆಸರು ಮಾತ್ರ ಉಳಿಯುತ್ತದೆ, ಬೇಕಾದಾಗ ಹೊಡೆಯದಿದ್ದರೆ ವರ್ಷದ ಫಸಲು ಹೋಗುತ್ತದೆ. ಹಾಗಾಗಿ ಈ ದಿನಗಳಲ್ಲಿ ನಮ್ಮ ಕಡೆಯ ಯಾವ ಗೃಹಸ್ಥನೂ ತೋಟ ಬಿಟ್ಟು ಕದಲುವುದಿಲ್ಲ. ಮದುವೆಗೆ ಹೋದರೂ ಒಂದು ಕಿವಿಯನ್ನು ಗುಡುಗಿಗೆ ಬಿಟ್ಟು ಊಟಕ್ಕೆ ಕೂರುತ್ತಾನೆ.

ಶಾಲೆಗೆ ರಜೆ ಕೊಡುವವರಿಗೆ ಇದೆಲ್ಲ ಗೊತ್ತಿಲ್ಲ. ಅವರು ಕೊಡುವುದು ಏಪ್ರಿಲ್‌ನಲ್ಲೇ. ಹಿಂದಿನ ಎರಡು ವರ್ಷ ಮಗಳು ಪೂರ್ವಿಯನ್ನು ರಜೆಗೆಂದು ಕರೆದುಕೊಂಡು ಹೋಗಿ ಅರ್ಧದಲ್ಲಿ ವಾಪಸು ತಂದಿದ್ದೆ. ಒಮ್ಮೆಯಂತೂ ಮೈಸೂರಿನ ಮೃಗಾಲಯದ ಗೇಟಿನಿಂದ. ಅವಳಿಗೆ ಆಗ ಹನ್ನೊಂದು ವರ್ಷ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲಿಲ್ಲ. ಮೂರನೆಯ ವರ್ಷ ರಜೆಯ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಹೆಂಡತಿ ಸುಮತಿ ಒಂದೇ ಮಾತು ಹೇಳಿದಳು: “ಈ ಸಲ ನಾಲ್ಕು ದಿನ ಅಂದ್ರೆ ನಾಲ್ಕು ದಿನ ಮಾರಾಯ್ರೆ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಅವಳಿಗೆ ಸುಳ್ಳು ಆಸೆ ಬೇಡ.” ನಾನು ಆಗುತ್ತದೆ ಎಂದೆ. ಎಂದವನೇ ಅಂಗಳಕ್ಕಿಳಿದು ಮೋಡ ನೋಡಿದೆ.

ಕೋಲಿನ ಕಥೆ ಬೇರೆ. ತೋಟದವರ ಕ್ಲಬ್ಬಿನಲ್ಲಿ ಹಳೆಯ ಸಾಮಾನು ವಿಲೇವಾರಿ ಮಾಡುವಾಗ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂದದ್ದು. ಎರೆಹುಳು ಚುಚ್ಚಿ ಕೂರುವ ನಮ್ಮೂರಿನ ಗಾಳವಲ್ಲ ಅದು. ಕೊಕ್ಕೆಗೆ ಗರಿ ಸುತ್ತಿ ಹುಳದಂತೆಯೋ ಮರಿಮೀನಿನಂತೆಯೋ ವೇಷ ಕಟ್ಟಬೇಕು. ಉದ್ದನೆಯ ದಾರವನ್ನು ತಲೆಯ ಮೇಲಿಂದ ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆಸೆಯಬೇಕು. ನಾನು ಮನೆಯ ಹುಂಜದ ಕುತ್ತಿಗೆಯ ಗರಿಗೆ ಸುಮತಿಯ ಹಳೇ ಸೀರೆಯ ಜರಿ ಎಳೆ ಸುತ್ತಿ ಆರು ಹುಳ ಕಟ್ಟಿದೆ. ಕಾಫಿ ಒಣಗಿಸುವ ಕಣ ಆಗ ಖಾಲಿಯಿತ್ತು, ಅಲ್ಲೇ ಅಭ್ಯಾಸ. ನೀರಿಲ್ಲದ ಕಣದಲ್ಲಿ ಯಜಮಾನರು ಮೀನು ಹಿಡಿಯುವುದನ್ನು ಕೆಲಸದವರು ಗೌರವದಿಂದಲೇ ನೋಡಿದರು. ಹುಂಜ ಮಾತ್ರ ನನ್ನನ್ನು ಕಂಡರೆ ಸೌದೆ ಕೊಟ್ಟಿಗೆಗೆ ಓಡತೊಡಗಿತು.

ಹಿಂದಿನ ಕಾಲದಲ್ಲಿ ರಾಜರೂ ಗಾಳ ಹಾಕುವುದನ್ನು ಒಂದು ವಿನೋದವೆಂದು ಎಣಿಸಿದ್ದರಂತೆ. ಇದ್ದೀತು. ಆ ರಾಜರಿಗೆ ಶತ್ರುಗಳ ಕಾಟವಿತ್ತೇ ಹೊರತು ರೋಬಸ್ಟಾ ಕಾಫಿಯ ತೋಟವಿರಲಿಲ್ಲ.

ಇನ್ನು ತೋಟದ ರೈಟರು ಶಿವಣ್ಣನವರ ವಿಷಯ. ಆಗಲೇ ಹದಿನೈದು ವರ್ಷದಿಂದ ನಮ್ಮ ಲೆಕ್ಕಪತ್ರ, ಆಳುಕಾಳು ಎಲ್ಲ ಅವರದೇ ಕೈಯಲ್ಲಿತ್ತು. ಒಂದು ಪೈಸೆ ಆಚೀಚೆ ಮಾಡಿದವರಲ್ಲ. ಆದರೆ ಮಳೆಯ ವಿಷಯದಲ್ಲಿ ಅವರು ಸುಳ್ಳು ಹೇಳುತ್ತಿದ್ದರು. ಅದನ್ನು ಕಲಿಸಿದವನು ನಾನೇ. ಒಂದು ವರ್ಷ ಅವರು ಮಳೆಮಾಪಕ ನೋಡಿ ಬಂದು “ಹದಿನೆಂಟು ಸೆಂಟು ಸಾರ್” ಅಂದಾಗ, ಮಿಕ್ಕದ್ದನ್ನು ಅವರೇ ಕುಡಿದುಬಂದವರಂತೆ ಅವರನ್ನು ದುರುಗುಟ್ಟಿ ನೋಡಿದ್ದೆ. ಆ ದಿನ ಊಟ ಬಿಟ್ಟೆ, ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. ಅಂದಿನಿಂದ ನಮ್ಮ ತೋಟದ ಮಳೆ ಹೆಚ್ಚತೊಡಗಿತು. ಒಂದು ಬೆಳಿಗ್ಗೆ ನಾನೇ ಮೊದಲು ಹೋಗಿ ನೋಡಿದ್ದೆ, ಮೂವತ್ತೊಂದಿತ್ತು. ಅವರು ಬಂದು ನಲವತ್ತೈದು ಅಂದರು. ನಾನು ಬಾಯಿ ಬಿಡಲಿಲ್ಲ. ನಾಚಿಕೆಗೇಡಿನ ಮಾತು, ನಲವತ್ತೈದು ಎಂಬುದು ಕೇಳಲು ಚೆನ್ನಾಗಿತ್ತು. ಒಂದು ಗುರುತು ಮಾತ್ರ ಇಟ್ಟುಕೊಂಡಿದ್ದೆ: ಅವರ ನಿಜದ ಲೆಕ್ಕ ಎಲ್ಲಿ ಬೇಕಾದರೂ ನಿಲ್ಲುತ್ತದೆ, ಸಮಾಧಾನದ ಲೆಕ್ಕ ಐದಕ್ಕೋ ಹತ್ತಕ್ಕೋ ಬಂದು ನಿಲ್ಲುತ್ತದೆ.

ಅಳಿವೆಯಲ್ಲಿ ಮೊದಲ ದಿನ ಗಾಳಿ ಎದುರಿಗಿತ್ತು. ಎಸೆದ ಹುಳ ನನ್ನ ಟೋಪಿಗೇ ಬಂದು ಕಚ್ಚಿತು. ಎರಡನೆಯ ದಿನ ಬಲೆ ಸರಿಮಾಡುತ್ತಿದ್ದ ಮುದುಕರೊಬ್ಬರು ನನ್ನ ಹುಳವನ್ನು ಅಂಗೈಯಲ್ಲಿಟ್ಟು ನೋಡಿ, “ಇದು ಕೋಳಿ ಗರಿ ಅಲ್ದಾ? ಸಮುದ್ರದ ಮೀನಿಗೆ ಕೋಳಿ ಎಂತಕ್ಕೆ?” ಎಂದು ಕೇಳಿದರು. ಅವರೇ ಮುಂದುವರಿದು, ಮೀನು ಇರುವುದು ಈ ಕಡೆ, ನೀವು ನೋಡುವುದು ಆ ಕಡೆ ಎಂದು ಮೆಲ್ಲಗೆ ತಿಳಿಸಿದರು. ದಾರ ಹಿಂದೆ ಬಿಚ್ಚಿಕೊಳ್ಳುವುದನ್ನು ನೋಡಬೇಕಾಗುತ್ತದೆ ಎಂದೆ. ಅದು ನಿಜವೇ, ಆದರೆ ದಾರ ಬಿಚ್ಚಿಕೊಳ್ಳಲು ಒಂದು ಗಳಿಗೆ ಸಾಕು. ನಾನು ಅರ್ಧ ಗಂಟೆ ನೋಡುತ್ತಿದ್ದೆ.

ಆ ಸಂಜೆ ವಸತಿಗೃಹದ ಪಕ್ಕದ ಕೋಣೆಯವರು ಏನಾದರೂ ಸಿಕ್ಕಿತೇ ಎಂದು ವಿಚಾರಿಸಿದಾಗ, ಮೊಳದುದ್ದದ ಮೀನೊಂದು ದಾರ ಹರಿದುಕೊಂಡು ಹೋಯಿತು ಎಂದುಬಿಟ್ಟೆ. ಪೂರ್ವಿ ಪಕ್ಕದಲ್ಲೇ ಇದ್ದಳು. ಆಮೇಲೆ ಅವರೇ ಅವಳನ್ನು ಕೇಳಿದರೆ “ಹೌದು, ದೊಡ್ಡದಿತ್ತು” ಅಂದಳು. ಅದು ಥೇಟ್ ಶಿವಣ್ಣನವರ ದನಿ. ನನ್ನ ಮುಖ ನೋಡಿ ಸೆಂಟು ಏರಿಸುವವರು ಮನೆಯಲ್ಲೂ ತಯಾರಾಗುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಘಟ್ಟ ಕಪ್ಪಾಯಿತು. ದೂರದಲ್ಲಿ ಮಿಂಚಿತು, ಸದ್ದು ಕೇಳಿಸಲಿಲ್ಲ. ನಾನು ದಾರ ಸುತ್ತಿಟ್ಟೆ. ಮರುದಿನ ಬೆಳಿಗ್ಗೆ ಎಸ್‌ಟಿಡಿ ಬೂತಿನ ಬಾಗಿಲು ತೆರೆಯುವ ಮೊದಲೇ ನಾನು ಮೆಟ್ಟಿಲ ಮೇಲಿದ್ದೆ. ಪೂರ್ವಿಯೂ ಕೋಲು ಹೆಗಲಿಗಿಟ್ಟುಕೊಂಡು ಜೊತೆಗೆ ಬಂದಿದ್ದಳು. ಆಗಲೇ ಅವಳ ಮುಖದಲ್ಲಿ ಮೃಗಾಲಯದ ಗೇಟು ಕಾಣುತ್ತಿತ್ತು.

“ಎಪ್ಪತ್ತು ಸಾರ್,” ಅಂದರು ಶಿವಣ್ಣ. “ಒಳ್ಳೇ ಮಳೆ. ನೀವು ಆರಾಮಾಗಿ ಬನ್ನಿ.”

ಎಪ್ಪತ್ತು! ಹತ್ತಕ್ಕೆ ಬಂದು ನಿಂತ ಲೆಕ್ಕ. ನಿಜವಾದರೆ ಕೆರೆ ನೀರು ಮುಟ್ಟಬೇಕಿಲ್ಲ, ಸುಳ್ಳಾದರೆ ಇಂದೇ ಪಂಪು ಹಚ್ಚಬೇಕು. ಸರಿಯಾಗಿ ಹೇಳಿ ಎಂದು ಗದರಿಸಿದರೆ ಮನುಷ್ಯ ಎಂಬತ್ತಕ್ಕೆ ಏರಬಹುದು. ಪಕ್ಕದ ತೋಟದವರನ್ನು ಕೇಳೋಣವೆಂದರೆ ಒಂದು ಮೈಲಿಗೆ ಒಂದು ಮಳೆ. ಮೇಲಾಗಿ ಅವರ ರೈಟರಿಗೂ ಯಜಮಾನರಿದ್ದಾರೆ. ಈಗಲೇ ಕಾರು ಹತ್ತಿ ಚಾರ್ಮಾಡಿ ಏರಿ ನಾನೇ ಹೋಗಿ ನೋಡುವುದೊಂದೇ ದಾರಿ ಎನಿಸಿತು. ಪೂರ್ವಿಯ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಶಿವಣ್ಣ ಮರ್ಯಾದೆಗೆಂದು ಕೇಳಿದರು: “ಮೀನು ಎಷ್ಟು ಸಿಕ್ತು ಸಾರ್?”

ಎರಡು, ಒಳ್ಳೇ ಗಾತ್ರದವು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು.

“ಒಂದೂ ಇಲ್ಲ ಶಿವಣ್ಣ,” ಅಂದೆ. “ಮೂರು ದಿನ ನೀರಿಗೆ ಹೊಡ್ದಿದ್ದೇ ಬಂತು. ಸಿಕ್ಕಿದ್ದು ಅಂದ್ರೆ ನನ್ ಟೋಪಿ ಒಂದೇ. ಮೊನ್ನೆ ಇಲ್ಲಿ ಒಬ್ರಿಗೆ ದೊಡ್ಡ ಮೀನು ತಪ್ಪಿಸ್ಕೊಂಡ್ತು ಅಂತ ಸುಳ್ಳು ಹೇಳ್ದೆ. ಮಗಳ ಎದುರಿಗೇ.”

ಲೈನು ಹೋಯಿತೇನೋ ಅಂದುಕೊಂಡೆ.

“ಸಾರ್,” ಅಂದರು ಶಿವಣ್ಣ, ಬಹಳ ಸಣ್ಣ ದನಿಯಲ್ಲಿ. “ನಲವತ್ತೊಂದು.”

ಹದಿನೈದು ವರ್ಷದಲ್ಲಿ ನನಗೆ ಇಷ್ಟು ಕೆಟ್ಟ ಸುದ್ದಿ ಇಷ್ಟು ಹಿತವಾಗಿ ಕೇಳಿಸಿದ್ದಿಲ್ಲ. ಇವತ್ತೇ ಪಂಪು ಹಚ್ಚಿಸಿ, ಕೆಳಗಿನ ಪಟ್ಟೆಯ ಗಿಡಗಳಿಂದ ಶುರುಮಾಡಿ ಎಂದೆ. ಪೈಪು ಬೆಳಿಗ್ಗೆಯೇ ಜೋಡಿಸಿಟ್ಟಿದ್ದೇನೆ, ನಿಮ್ಮನ್ನು ಹೇಗೆ ಕೇಳುವುದು ಅಂತ ಯೋಚಿಸುತ್ತಿದ್ದೆ ಎಂದರು ಅವರು. ಫೋನಿಟ್ಟಾಗ ಪೂರ್ವಿ, “ಈಗ ಹೊರಡೋದಾ ಅಪ್ಪ?” ಅಂದಳು. ಇಲ್ಲ, ನಾಳೆ ಅಂದೆ. ಅವಳು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಆ ದಿನ ನಾನು ಸಮುದ್ರದ ಕಡೆ ಮುಖ ಮಾಡಿಯೇ ನಿಂತೆ. ಆಗಲೂ ಮೀನು ಸಿಕ್ಕಲಿಲ್ಲ. ತಪ್ಪು ನಾನು ನಿಂತ ದಿಕ್ಕಿನದು ಮಾತ್ರವಾಗಿರಲಿಲ್ಲ ಎಂದು ಮನವರಿಕೆಯಾಯಿತು.

ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಯಿತು. ಮೇಲಿನ ಮೂಲೆಯಲ್ಲಿ ನೀರು ತಲುಪದ ಒಂದಷ್ಟು ಗಿಡಗಳ ಮೊಗ್ಗು ಕೆಟ್ಟದ್ದನ್ನು ಶಿವಣ್ಣನವರೇ ಕರೆದು ತೋರಿಸಿದರು.

ಇದಾಗಿ ಏಳೆಂಟು ವರ್ಷವಾಯಿತು. ಈಗಲೂ ಮಳೆ ಬಂದ ಮರುದಿನ ಅವರು ಮಳೆಮಾಪಕ ನೋಡಿ ಬಂದು ಜಗಲಿಯ ಕೆಳಗೆ ನಿಂತು ಮೊದಲು ಕೇಳುವುದು, “ಮೀನು ಎಷ್ಟು ಸಾರ್?” ಎಂದು. ನಾನು ಒಂದೂ ಇಲ್ಲ ಎನ್ನಬೇಕು. ಆಮೇಲೆ ಅವರು ಸೆಂಟು ಹೇಳುತ್ತಾರೆ. ಮೊನ್ನೆ ಹದಿಮೂರು ಅಂದರು. ಮುಖ ಬಿಗಿದುಕೊಂಡಿತು, ಅದು ನನ್ನ ಕೈಯಲ್ಲಿಲ್ಲ. ಆದರೆ ಒಳಗೆ ಹೋಗಿ ಊಟ ಮಾಡಿದೆ.