ಮೀನು ಉಂಡ ಮೇಲೆಯೇ ನೀರಿಗೆ ದಾರಿ

ಬೆಳಗಿನ ಐದೂವರೆ. ಭೀಮುನಿಪಟ್ಟಣದ ರಸ್ತೆ ಬದಿಯ ‘ಸಾಗರಶ್ರೀ ಫುಡ್ಸ್’ ಕಾರ್ಖಾನೆಯ ಹಿತ್ತಲಲ್ಲಿ ಲಿಂಗರಾಜ ಕುಕ್ಕರಗಾಲಲ್ಲಿ ಕೂತು, ಕೊನೆಯದಾದ ಮೂರನೇ ತೊಟ್ಟಿಗೆ ಒಂದು ಹಿಡಿ ಚುರಮರಿ ಎಸೆಯುತ್ತಾರೆ. ಮೀನುಗಳು ಪುಳಕ್ಕನೆ ಮೇಲೆ ಬರುತ್ತವೆ.

“ಉಂಡ್ವು. ಇನ್ನ ಬಿಡಬಹುದು,” ಎನ್ನುತ್ತಾ ಎದ್ದು ವಾಲ್ವಿನ ಚಕ್ರ ತಿರುಗಿಸುತ್ತಾರೆ.

ಬಿಡುವುದು ಕಾರ್ಖಾನೆ ತೊಳೆದು ಹೊರಚೆಲ್ಲಿದ ಎಂಬತ್ತು ಸಾವಿರ ಲೀಟರ್ ನೀರನ್ನು, ಪ್ರತಿದಿನ. ಎಣ್ಣೆ, ಹುಳಿ, ಖಾರ ಕಳೆದು ಅದನ್ನು ಕಾಲುವೆಗೆ ಸೇರಿಸುವುದು ಒಂಬತ್ತು ವರ್ಷದಿಂದ ಈ ಉಪ್ಪಿನಕಾಯಿ ಕಂಪನಿಯ ಎಲೆಮರೆಯ ಕಾಯಿ ಲಿಂಗರಾಜರ ಕೆಲಸ. ಲ್ಯಾಬಿನ ವರದಿಗೆ ಎರಡು ದಿನ ಬೇಕು. ಮೀನಿನ ವರದಿಗೆ ಎರಡು ನಿಮಿಷ.

ಗದಗದ ಲಿಂಗಾಯತರ ಮನೆಯ ಲಿಂಗರಾಜ ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಹೆಂಡತಿ ಪಾರ್ವತಿಯ ದೂರೇ ಬೇರೆ: “ಊರಿಂದ ತಂದ ಚುರಮರಿ ವಗ್ಗರಣಿಗೆ ಉಳಿಯಂಗಿಲ್ರೀ. ಎಲ್ಲಾ ಇವರ ಬೀಗರಿಗೇ!”

ಕಾಲುವೆಯ ಕೆಳಗಿನ ಹಳ್ಳಿಯ ದುರ್ಗಾಂಬ ಎಮ್ಮೆಗಳನ್ನು ತಡೆದು ನಿಂತು ತೆಲುಗಿನಲ್ಲಿ ಕೂಗುತ್ತಾರೆ: “ಲಿಂಗರಾಜುಗಾರೂ, ಮೀನಮ್ಮಗಳ ಟಿಫಿನ್ ಆಯಿತಾ? ಎಮ್ಮೆ ಇಳಿಸಲಾ?”

ಕಳೆದ ವರ್ಷ, ತೊಂಬತ್ತನಾಲ್ಕರ ಪರಿಸರ ದಿನದಂದು, ಟಿಫಿನ್ ಆಗಲಿಲ್ಲ. ವಿಜಯವಾಡದ ಬೆಂಜ್ ಸರ್ಕಲ್‌ನ ಮುಖ್ಯ ಕಚೇರಿಯಿಂದ ಚೇರ್ಮನ್ನರು ಬಂದು ತಮ್ಮ ಕೈಯಾರೆ ನೀರು ಬಿಡುವವರಿದ್ದರು. ನೀರು ಕನ್ನಡಿಯಂತೆ ಹೊಳೆಯಲೆಂದು ಮ್ಯಾನೇಜರ್ ಸತ್ಯಮೂರ್ತಿ ಹಿಂದಿನ ಸಂಜೆ ಎರಡು ಚೀಲ ಬ್ಲೀಚಿಂಗ್ ಪುಡಿ ಸುರಿಸಿದ್ದರು. ನೀರೇನೋ ಹೊಳೆಯಿತು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಅವನ್ನು ಬುಟ್ಟಿಯಲ್ಲಿ ಬಾಚಿ ಸಾಗಿಸಿದ್ದೂ ಆಯಿತು. ಆದರೆ ಹಾರ ಹಾಕಿಸಿಕೊಂಡ ಚೇರ್ಮನ್ನರು ಬಂದು ನೋಡಿದರೆ ವಾಲ್ವಿಗೆ ಚಕ್ರವೇ ಇಲ್ಲ! ಅದನ್ನು ಬಿಚ್ಚಿ ಕಂಕುಳಲ್ಲಿ ಅವುಚಿಕೊಂಡು ಲಿಂಗರಾಜ ಪಕ್ಕದಲ್ಲೇ ನಿಂತಿದ್ದರು.

“ಏಂಟಯ್ಯಾ ಇದಿ? ಪ್ರೆಸ್ಸಿನವರು ನೋಡ್ತಿದ್ದಾರೆ, ಕೊಡು ಚಕ್ರ!” ಮ್ಯಾನೇಜರರು ಹಲ್ಲು ಕಚ್ಚಿ ಪಿಸುಗುಟ್ಟಿದ್ದನ್ನು ಲಿಂಗರಾಜ ಇಂದಿಗೂ ಅದೇ ಮೂಗುದನಿಯಲ್ಲಿ ಮಾಡಿ ತೋರಿಸುತ್ತಾರೆ. ಆಮೇಲೆ ತಮ್ಮ ಸ್ವಂತ ದನಿಗೆ ಇಳಿಯುತ್ತಾರೆ: “ಆಗಂಗಿಲ್ರೀ ಸರ್, ಕೆಳಗ ದನಾ ಕುಡೀತಾವು ಅಂದೆ. ನೌಕರಿ ಹೋತು ಅಂತನ ತಿಳಕೊಂಡಿದ್ದೆ.”

ಚೇರ್ಮನ್ನರು ತೊಟ್ಟಿಯ ಪಕ್ಕ ಫೋಟೋ ತೆಗೆಸಿಕೊಂಡು ಕಾರು ಹತ್ತಿದರು. ನೀರು ಮೂರು ದಿನ ಅಲ್ಲೇ ನಿಂತಿತು, ತೊಟ್ಟಿ ಖಾಲಿಯಾಗದೆ ಕಾರ್ಖಾನೆಯೂ ಎರಡು ದಿನ ನಿಂತಿತು. ಸಿಂಹಾಚಲಂ ತಪ್ಪಲಿನ ಕೆರೆಯಿಂದ ತಂದ ಹೊಸ ಮೀನು ಚುರಮರಿ ಕಚ್ಚಿದ ಮೇಲೆಯೇ ಚಕ್ರ ವಾಲ್ವಿಗೆ ಮರಳಿದ್ದು. ನೌಕರಿ ಉಳಿಯಿತು; ಮೆಮೊ ಬಂತು, ಬರಬೇಕಿದ್ದ ಬಡ್ತಿ ಬರಲಿಲ್ಲ. ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ನುಣುಪು ಹಾಳೆಯ ಪುಸ್ತಿಕೆಗೆ ಮುಖಪುಟವಾದದ್ದು ಅದೇ ಹೊಳೆಯುವ ತೊಟ್ಟಿ.

“ಫೋಟೋ ಛಲೋ ಬಂದೈತ್ರೀ,” ಎಂದು ಲಿಂಗರಾಜ ನಗುತ್ತಾರೆ.

ಬರುವ ಮಾರ್ಚಿಗೆ ಅವರ ನಿವೃತ್ತಿ. ಬೀಳ್ಕೊಡುಗೆಗೆ ಏನು ಬೇಕೆಂದು ಆಫೀಸಿನವರು ಈಗಾಗಲೇ ಕೇಳಿದ್ದಾರಂತೆ.

“ಶಾಲು ಬ್ಯಾಡ್ರೀ. ನನ್ನ ಜಾಗಕ್ಕ ಬರಾವ ಎಷ್ಟರ ಕಲ್ತಿರ್ಲಿ, ಕೆಲಸಕ್ಕ ಸೇರೋದಕ್ಕ ಮೊದಲ ಕಾಲುವಿ ಗುಂಟ ಹಳ್ಳಿತನಕಾ ಒಂದ್ಸಲ ನಡಕೊಂಡು ಹೋಗಿ ಬರ್ಲಿ. ಈ ನೀರು ಯಾರ ಮನೀ ಮುಂದ ಹಾದು ಹೋಗತೈತಿ, ಕಣ್ಣಿಲೆ ನೋಡ್ಲಿ.”