ಕೆಂಪು ಹತ್ತು ರೂಪಾಯಿಯ ಮೇಲಿನ ಹೆಸರು

ಮೊನ್ನೆ ಕಪಾಟು ಒರೆಸುವಾಗ ಮಗಳ ಹಳೆಯ ಕಂಪಾಸ್ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಸ್ಟ್ರಾಬೆರಿ ವಾಸನೆ. ಮೂಲೆಯಲ್ಲಿ ಅರ್ಧ ಸವೆದ ಗುಲಾಬಿ ಬಣ್ಣದ ರಬ್ಬರು. ನಿಮಗೆ ನಗು ಬರಬಹುದು, ಆದರೆ ಆ ರಬ್ಬರನ್ನು ಕಂಡರೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ. ಅದರಿಂದ ನಾನು ಒಮ್ಮೆ ಒಬ್ಬರ ಹೆಸರನ್ನೇ ಅಳಿಸಿಬಿಟ್ಟಿದ್ದೆ.

ಆಗ ನಾವು ಗಲ್ಫಿನ ಅಲ್ ರಯ್ಯಾನ್ ಎಂಬ ಊರಿನ ಒಂದು ವಿಲ್ಲಾದ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಯಜಮಾನರು ಗ್ಯಾಸ್ ಪ್ಲಾಂಟಿಗೆ ಹೋದ ಮೇಲೆ ಹುಬ್ಬಳ್ಳಿಯ ನನಗೆ ಮಾತಿಗೆ ಸಿಗುತ್ತಿದ್ದವರು ಮುಂಭಾಗದ ವಸಂತಿ ಅಕ್ಕ ಒಬ್ಬರೇ. ಸುರತ್ಕಲ್ ಕಡೆಯವರು, ಮನೆಯಲ್ಲಿ ತುಳು. ಅರಬ್ಬೀ ಹೆಂಗಸರಿಗೆ ಬಟ್ಟೆ ಹೊಲಿದುಕೊಡುವುದು ಅವರ ಕಸುಬು. ಆದರೆ ಹುಚ್ಚು ಬೇರೆಯೇ ಇತ್ತು. ಚಲಾವಣೆ ನಿಂತುಹೋದ ನೋಟುಗಳನ್ನು ಕೂಡಿಡುವುದು. ಯಾವ ಮನೆಗೆ ಅಳತೆ ತೆಗೆಯಲು ಹೋದರೂ, ಹಳೇ ಪೆಟ್ಟಿಗೆಯಲ್ಲಿ ಹಳೇ ನೋಟು ಉಂಟಾ ಎಂದು ಕೇಳದೆ ಬರುತ್ತಿರಲಿಲ್ಲ. ಮದುವೆಯ ಫೋಟೋಗಳನ್ನು ಬೇರೆ ಕಡೆ ತೆಗೆದಿಟ್ಟು ಆ ಆಲ್ಬಮ್ಮಿನಲ್ಲಿ ನೋಟು ತುಂಬಿಸಿದ್ದರು. ಗಂಡನ ಮುಖಕ್ಕಿಂತ ಇವು ಬಣ್ಣವಾಗಿವೆ ಅಲ್ವಾ ಎಂದು ನಗುತ್ತಿದ್ದರು.

ಅದರಲ್ಲಿ ಅವರಿಗೆ ಜೀವವಾಗಿದ್ದದ್ದು ಒಂದು ಕೆಂಪು ನೋಟು. ಈ ಮರಳುನಾಡಿಗೆ ಬ್ಯಾಂಕು ಎಂಬುದು ಹೊಸದಾಗಿ ಕಾಲಿಡುತ್ತಿದ್ದ ಕಾಲದ್ದು. ಆಗ ಇಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿಯೇ. ಗಲ್ಫಿನಲ್ಲಿ ಮಾತ್ರ ನಡೆಯಲಿ ಎಂದು ನಮ್ಮ ದೇಶವೇ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿ ಕಳಿಸಿದ ಹತ್ತು ರೂಪಾಯಿ ಅದು.

"ಹಿಂದೆ ತಿರುಗಿಸಿ ನೋಡಿ" ಎಂದು ಅಕ್ಕ ಮೊದಲ ಸಲ ನನ್ನ ಕೈಗೆ ಕೊಟ್ಟರು. ಹಾಯಿದೋಣಿಯ ಚಿತ್ರ, ಪಕ್ಕದಲ್ಲಿ ಭಾಷೆಗಳ ಸಾಲು, ಅವುಗಳ ನಡುವೆ ನಮ್ಮ ಕನ್ನಡ! ನಾನು ಹುಟ್ಟುವ ಮೊದಲೇ ನನ್ನ ಅಕ್ಷರ ಇಲ್ಲಿಗೆ ಬಂದು ಸಂತೆ ಮಾಡಿಹೋಗಿತ್ತು. ಬಂದು ಎರಡು ವರ್ಷವಾಗಿದ್ದರೂ ಪರವೂರು ಪರವೂರು ಎಂದು ಗೊಣಗುತ್ತಿದ್ದ ನಾನು ಆ ಸಾಲನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದೆ.

ಅದೇ ವಾರ ಮಗಳ ಶಾಲೆಯಲ್ಲಿ ನಾಣ್ಯ–ನೋಟುಗಳ ಪ್ರದರ್ಶನ. ಕೇಳಿದ ಕೂಡಲೇ ಅಕ್ಕ ಕೆಂಪು ನೋಟನ್ನೇ ಕೊಟ್ಟರು.

ಈಗ ನನ್ನ ಸ್ವಭಾವ ಹೇಳಬೇಕು. ನನಗೆ ಶುಚಿಯ ಗೀಳು. "ನಿನ್ನ ಕೈಗೆ ಬಿಟ್ರ ಅರಬಸ್ತಾನದ ಉಸುಕನ್ನೂ ತೊಳದು ಒಣಹಾಕತಿ" ಎಂದು ಯಜಮಾನರು ಹೇಳುವುದರಲ್ಲಿ ಸುಳ್ಳಿಲ್ಲ. ನೋಟಿನ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನ ಸೊಟ್ಟಪಟ್ಟ ಗೆರೆಗಳಿದ್ದವು. ಯಾವುದೋ ಮಗು ಗೀಚಿದ್ದು ಎಂದುಕೊಂಡೆ. ಮಗಳ ರಬ್ಬರು ತೆಗೆದುಕೊಂಡು, ಉಸಿರು ಬಿಗಿಹಿಡಿದು, ಕಾಗದ ಹರಿಯದಂತೆ ಮೆಲ್ಲಗೆ ಉಜ್ಜಿದೆ. ಎರಡು ಕರವಸ್ತ್ರಗಳ ನಡುವೆ ಇಟ್ಟು ಇಸ್ತ್ರಿಯನ್ನೂ ಆಡಿಸಿದೆ. ಪ್ರದರ್ಶನ ಮುಗಿದ ಮೇಲೆ, ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ ನಾನೇ ಹೋಗಿ ಕೊಟ್ಟೆ.

ಅಕ್ಕ ನೋಟನ್ನು ಬೆಳಕಿಗೆ ಹಿಡಿದರು. "ಎಂತದು ಮಾರಾಯ್ತಿ ಇದು! ಇಲ್ಲಿದ್ದದ್ದು ಎಲ್ಲಿ?"

"ನಾನ ಅಳಿಸೇನ್ರಿ ಅಕ್ಕಾ. ಹುಡುಗ್ರು ಗೀಚ್ಯಾರ ಅಂತ ತಿಳಕೊಂಡೆ."

"ಅದು ಗೀಚಿದ್ದಲ್ಲ. ಅದು ನೂರಾ ಅಮ್ಮನ ಹೆಸರು. ಅವರೇ ಚಿಕ್ಕದಿರುವಾಗ ಬರ್ದದ್ದು." ಅಕ್ಕ ನೋಟನ್ನು ಹೊಲಿಗೆಯಂತ್ರದ ಮೇಲಿಟ್ಟರು. ಉಮ್ಮ್ ಸಲಾಲ್ ಎಂಬ ಊರಿನಲ್ಲಿ ಅಕ್ಕ ಬಟ್ಟೆ ಹೊಲಿದುಕೊಡುತ್ತಿದ್ದ ಮುದುಕಿ ಆಕೆ; ನೋಟು ಕೊಡುವಾಗ ಒಂದೇ ಮಾತು ಕೇಳಿದ್ದರಂತೆ, ತನಗೆ ನೆನಪಾದಾಗಲೆಲ್ಲ ತಂದು ತೋರಿಸಬೇಕು ಎಂದು. ಬರುವ ಗುರುವಾರ ಬರಹೇಳಿದ್ದರಂತೆ.

"ನಾನು ಅವರಿಗೆ ಸುಳ್ಳು ಹೇಳ್ಲಿಕ್ಕಿಲ್ಲ. ನೀವೂ ಬನ್ನಿ" ಎಂದರು ಅಕ್ಕ. ಬೈದಿದ್ದರೆ ಹಗುರವಾಗುತ್ತಿತ್ತು.

ಗುರುವಾರ ಸಂಜೆ ಹೋದೆವು. ಗಾಹ್ವಾ ಕಾಫಿ, ಖರ್ಜೂರ ಬಂದವು. ನೂರಾ ಅಮ್ಮ ನೋಟನ್ನು ಕಣ್ಣಿನ ಹತ್ತಿರ ತಂದರು, ತಿರುಗಿಸಿದರು, ಮತ್ತೆ ತಿರುಗಿಸಿದರು. ಆಮೇಲೆ ಮಗುವಿನಂತೆ ಕೇಳಿದರು, "ವೇನ್ ನೂರಾ?"

ನೂರಾ ಎಲ್ಲಿ? ಅಷ್ಟು ಅರಬ್ಬೀ ನನಗೂ ತಿಳಿಯುತ್ತಿತ್ತು. ನಾನು ಎದೆ ಮುಟ್ಟಿಕೊಂಡು "ಅನಾ", ನಾನೇ, ಎಂದೆ. ಅಂಗೈ ಮೇಲೆ ಬೆರಳು ಉಜ್ಜಿ ತೋರಿಸಿದೆ. ತೋರಿಸುತ್ತಲೇ ಅಳು ಬಂತು.

ನೂರಾ ಅಮ್ಮ ಖಾಲಿ ಜಾಗವನ್ನು ಬೆರಳಿಂದ ಸವರಿದರು. ಬಳಿಕ ನಿಧಾನವಾಗಿ ಹೇಳತೊಡಗಿದರು, ಅಕ್ಕ ಕನ್ನಡದಲ್ಲಿ ಹೇಳುತ್ತ ಹೋದರು. ಅವರು ಶಾಲೆಗೆ ಸೇರಿದ ಮೊದಲ ತಿಂಗಳು. ಹೆಸರು ಬರೆಯಲು ಕಲಿತಿದ್ದರು. ದೋಣಿಯ ಕೆಲಸದಿಂದ ಬಂದ ಅಪ್ಪ ಚಾಪೆಯ ಮೇಲಿಟ್ಟಿದ್ದ ನೋಟೇ ಕೈಗೆ ಸಿಕ್ಕಿದ ಕಾಗದ. ಬರೆದುಬಿಟ್ಟರು. ಅಪ್ಪ ಹೊಡೆಯಲು ಕೈಯೆತ್ತಿ, ಏನಿದು ಎಂದು ಕೇಳಿದ. ಅವನಿಗೆ ಓದು ಬಾರದು. ನನ್ನ ಹೆಸರು ಎಂದಳು ಮಗಳು. ಎತ್ತಿದ ಕೈ ಕೆಳಗಿಳಿಯಿತು. ನೋಟು ಪೆಟ್ಟಿಗೆ ಸೇರಿತು. ರೂಪಾಯಿ ರದ್ದಾಗಿ ಊರೆಲ್ಲ ಬದಲಾಯಿಸಿಕೊಳ್ಳಲು ಓಡಿದಾಗಲೂ ಅಪ್ಪ ಅದನ್ನು ಕೊಡಲಿಲ್ಲ. ಮನೆಯಲ್ಲಿ ಬರೆದ ಮೊದಲ ಅಕ್ಷರ ಇದು, ಬದಲಿಗೆ ಯಾರು ಏನು ಕೊಟ್ಟಾರು ಎಂದನಂತೆ.

ನನಗೆ ನೆಲ ಬಿರಿಯಬಾರದೆ ಅನ್ನಿಸಿತು. ಅಷ್ಟರಲ್ಲಿ ಅಕ್ಕ ಹೇಳಿದರು, "ಪೆನ್ಸಿಲ್ ಉಂಟಾ ಕೇಳ್ತಾರೆ."

ಹೊಲಿಗೆಯ ಚೀಲದಲ್ಲಿ ಗುರುತು ಹಾಕುವ ಪೆನ್ಸಿಲ್ಲಿತ್ತು. ನೂರಾ ಅಮ್ಮ ನೋಟನ್ನು ತೊಡೆಯ ಮೇಲೆ ಹಾಸಿಕೊಂಡು, ಬಲದಿಂದ ಎಡಕ್ಕೆ ತಮ್ಮ ಹೆಸರು ಬರೆದರು. ಮೊದಲಿನದಕ್ಕಿಂತಲೂ ಸೊಟ್ಟವಾಗಿ ಬಂತು. ನೋಡಿ ತಾವೇ ಬಾಯ್ತುಂಬ ನಕ್ಕರು. "ಖಲಾಸ್, ಬಿನ್ತಿ" ಎಂದು ನನ್ನ ಕೆನ್ನೆ ಒರೆಸಿದರು. ಮುಗಿಯಿತು ಮಗಳೇ, ಬಿಡು ಎಂದು.

ಮತ್ತೆ ನೋಟು ತಿರುಗಿಸಿ, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದರು. ನಾನು ಕನ್ನಡದ ಸಾಲು ತೋರಿಸಿದೆ. ಪೆನ್ಸಿಲನ್ನು ನನ್ನ ಕೈಗಿಟ್ಟು "ಯಲ್ಲಾ", ಹೂಂ, ನೀನೂ ಬರಿ, ಎಂದರು. ಅವರ ಹೆಸರಿನ ಕೆಳಗೆ ನಾನು ಗುಂಡಗೆ 'ನೂರಾ' ಎಂದು ಬರೆದೆ. ನಮ್ಮಲ್ಲಿ ನೂರು ಎಂದರೆ ಏನೆಂದು ಅಕ್ಕ ಬೆರಳೆಣಿಸಿ ತಿಳಿಸಿದಾಗ, ಹತ್ತರ ನೋಟಿನ ಮೇಲೆ ನೂರೇ ಎಂದು ಮುದುಕಿ ಮತ್ತೊಮ್ಮೆ ನಕ್ಕರು.

ಅಂದಿನಿಂದ ನನಗೂ ಈ ಹುಚ್ಚು ಹಿಡಿಯಿತು. ನಾನು ಕೂಡಿಡುವುದು ಮಾತ್ರ ಯಾರಾದರೂ ಏನಾದರೂ ಬರೆದ ನೋಟುಗಳನ್ನು. ಪೇಟೆಯಲ್ಲಿ ಅವಕ್ಕೆ ಕಾಸಿನ ಬೆಲೆಯಿಲ್ಲ. ವಸಂತಿ ಅಕ್ಕ, ನೂರಾ ಅಮ್ಮನನ್ನು ಕೇಳಿಯೇ ಕೆಂಪು ನೋಟನ್ನೂ ಒಯ್ದು, ಊರಿಗೆ ಮರಳಿ ಮೂರು ವರ್ಷವಾಯಿತು. ನೂರಾ ಅಮ್ಮನನ್ನು ನಾನು ಈಗಲೂ ಹೋಗಿ ನೋಡುತ್ತೇನೆ. ಕಣ್ಣು ಮಂದವಾಗಿದೆ, ನಗು ಹಾಗೇ ಇದೆ.

ಮೊನ್ನೆ ಕಪಾಟನ್ನು ಅರ್ಧಕ್ಕೇ ಬಿಟ್ಟು ಸುರತ್ಕಲ್ಲಿಗೆ ಫೋನು ಮಾಡಿದೆ. ಇಷ್ಟು ವರ್ಷಗಳಲ್ಲಿ ಹೇಳದೇ ಉಳಿದದ್ದನ್ನು ಹೇಳಿದೆ. ಅವತ್ತು ನೀವು ನನ್ನನ್ನು ಜೊತೆಗೆ ಕರೆದುಕೊಂಡು ಹೋದದ್ದು ದೊಡ್ಡ ಉಪಕಾರ ಎಂದೆ.

"ಅದೆಲ್ಲ ಎಂತದಕ್ಕೆ ಈಗ" ಎಂದು ಅಕ್ಕ ಮಾತು ಹಾರಿಸಿದರು. "ಹೋದ ವಾರ ನೋಟಿನ ವ್ಯಾಪಾರಿ ಒಬ್ಬ ಬಂದಿದ್ದ. ಆ ಕೆಂಪು ನೋಟಿನ ಪೆನ್ಸಿಲಿದ್ದು ಅಳಿಸಿ ಕೊಡಿ, ಒಳ್ಳೇ ರೇಟು ಬರ್ತದೆ ಅಂದ."

"ನೀವು ಏನಂದ್ರಿ?"

"ನಾನೆಂತ ಹೇಳುದು? ಚಾ ಕುಡಿಸಿ ಕಳಿಸಿದೆ."