ಕುಲುಮೆಯಿಂದ ಬಂದ ಮಾರುದನಿ

ಗಾಬ್ರೊವೊ ಊರಿನ ಲೋಹ ಪ್ರಯೋಗಾಲಯದಲ್ಲಿ ಒಂದು ಕಾಲಕ್ಕೆ ಕೂರಲು ಜಾಗವಿರಲಿಲ್ಲ. ಒಬ್ಬೊಬ್ಬರೇ ನಿವೃತ್ತರಾಗಿ, ಬೇರೆ ಕೆಲಸ ಹಿಡಿದು ಹೋದ ಮೇಲೆ ಇಂಜಿನಿಯರ್ ವೆಸೆಲೀನಾ ಒಬ್ಬಳೇ ಉಳಿದಳು. ಬೆಳಿಗ್ಗೆ ಬಾಗಿಲು ತೆರೆದವಳೇ ಮೂಲೆಯ ಪುಟ್ಟ ಕುಲುಮೆಗೆ "ಏನಮ್ಮಾ, ಚೆನ್ನಾಗಿದ್ದೀಯಾ?" ಅನ್ನುವಳು. ಬಾಯಿಗೆ ಮಾತು ಮರೆತುಹೋಗದಿರಲಿ ಅಂತ.

ಅವಳ ಕೈಲಿದ್ದ ಕೆಲಸ ಶುರುವಾದದ್ದು ಸಹೋದ್ಯೋಗಿ ಲ್ಯುಬೆನ್ ಜೊತೆ. ಊರಾಚೆಯ ಕಾರ್ಖಾನೆಯಲ್ಲಿ ಜೇಡಿಮಣ್ಣು ಸುಡುವ ಕುಲುಮೆಯೆಂದರೆ ದೊಡ್ಡ ಉಕ್ಕಿನ ಪೀಪಾಯಿ, ಹಗಲಿರುಳು ನಿಂತಲ್ಲೇ ಉರುಳುತ್ತದೆ. ಒಳಗಿನ ಶಾಖ ತಿಳಿಯಲು ತಂತಿ ಎಳೆದರೆ ಸುತ್ತಿಕೊಂಡು ತುಂಡಾಗುತ್ತದೆ, ಬ್ಯಾಟರಿ ಇಟ್ಟರೆ ಬೆಂದುಹೋಗುತ್ತದೆ. ಅದಕ್ಕೇ ಇಬ್ಬರೂ ಉಗುರಿನಷ್ಟು ಹರಳಿನ ಬಿಲ್ಲೆಯ ಮೇಲೆ ಕೂದಲಿಗಿಂತ ಸಣ್ಣ ಲೋಹದ ಗೆರೆಗಳನ್ನು ಕೂರಿಸಿದರು. ಪೀಪಾಯಿಯ ತೆರೆದ ಬಾಯಿಂದ ರೇಡಿಯೊ ಅಲೆ ಕಳಿಸಿದರೆ ಬಿಲ್ಲೆ ಮಾರುದನಿ ಕೊಡುತ್ತದೆ. ಶಾಖ ಏರಿದಂತೆ ಅದರ ಶ್ರುತಿ ಬದಲಾಗುತ್ತದೆ. ಪ್ಲಾಟಿನಂ ಗೆರೆಯಾದರೆ ಬಾಳುತ್ತಿತ್ತು, ಬೆಲೆ ಕೇಳಿದ ಕಾರ್ಖಾನೆಯವರು ಮಾತು ಬದಲಿಸಿದರು. ಅಗ್ಗದ ಲೋಹಗಳೋ, ಬಿಸಿಗೆ ಮುದುಡಿ ಹನಿಹನಿಯಾಗಿ ಒಡೆದುಹೋಗುತ್ತಿದ್ದವು.

"ಟೈಟಾನಿಯಂ ಜೊತೆ ಅಲ್ಯೂಮಿನಿಯಂ ಬೆರೆಸೋಣ ಕಣೇ. ಅದು ತನ್ನ ಮೈಮೇಲೆ ತಾನೇ ಕಾಯೋ ಪೊರೆ ಕಟ್ಕೊಳ್ಳುತ್ತೆ," ಅಂದಿದ್ದ ಲ್ಯುಬೆನ್. ಅಷ್ಟರಲ್ಲಿ ಅವನಿಗೆ ಮರೆವಿನ ಕಾಯಿಲೆ ಹತ್ತಿತು. ಮೊದಲು ಬೀಗದ ಕೈ ಮರೆತ, ಆಮೇಲೆ ಮನೆಯ ದಾರಿ. ಹೆಂಡತಿ ನೇದ್ಕಾ ಅವನನ್ನು ವಾರ್ನಾ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಕರೆದೊಯ್ದಳು. ಬೆರಕೆಯ ಹದ ಹುಡುಕುವುದು ವೆಸೆಲೀನಾಳ ಪಾಲಿಗೆ ಬಂತು. ಎಷ್ಟೋ ಬಿಲ್ಲೆಗಳು ಹಾಳಾದವು. ಕೊನೆಗೆ ಸರಿಯಾಯಿತು ಅಂತ ಹೇಳಲು ತಿರುಗಿದರೆ ಹಿಂದೆ ಅವನ ಖಾಲಿ ಕುರ್ಚಿ.

ಈ ವಸಂತದಲ್ಲಿ ಹೊಸ ಬಿಲ್ಲೆ ಹಿಡಿದು ಕಾರ್ಖಾನೆಗೆ ಹೋದಳು. ಕುಲುಮೆಯ ಮೇಸ್ತ್ರಿ ಗಾನ್ಚೋ ಸುಮ್ಮನಿರುವವನಲ್ಲ.

"ಬಂದ್ರಾ ಇಂಜಿನಿಯರಮ್ಮ! ಹೋದ ಸಲದ್ದು ಕರಗಿ ನೀರಾಯ್ತು. ಈ ಸಲ ಸಾರು ಮಾಡ್ತೀರೋ?"

"ಮಾಡ್ತೀನಿ. ಮೊದಲು ನಿನಗೇ ಬಡಿಸ್ತೀನಿ."

ಬಿಲ್ಲೆಯನ್ನು ಒಳಗೋಡೆಗೆ ಬಿಗಿದು ಪೀಪಾಯಿ ಉರುಳಿಸಿದರು. ಶಾಖ ಏರಿತು. ಹಳೆಯವು ಸಾಯುತ್ತಿದ್ದ ಮಟ್ಟ ದಾಟಿ ಆರುನೂರು ಡಿಗ್ರಿ ಮುಟ್ಟಿದರೂ ಪರದೆಯ ಮೇಲೆ ಮಾರುದನಿ ಮಿಡಿಯುತ್ತಲೇ ಇತ್ತು. ಮರುದಿನವೂ ಇತ್ತು. ವಾರ ಕಳೆದರೂ ಇತ್ತು.

"ಇಂಥ ಬಿಲ್ಲೆ ಇನ್ನೂ ಹತ್ತು ಬೇಕಂತೆ ನಮ್ಮ ಸಾಹೇಬ್ರಿಗೆ," ಎಂದ ಗಾನ್ಚೋ, ಚೀಸ್ ಕಡುಬಿನ ಪೊಟ್ಟಣ ಬಿಚ್ಚಿ ಅರ್ಧ ಅವಳ ಕೈಗಿತ್ತ. "ನಗೋದಲ್ವಾ? ಯಾಕೆ ಹೀಗೆ ಮುಖ?"

"ಒಬ್ರಿಗೆ ಹೇಳ್ಬೇಕಿತ್ತು," ಎಂದು ಅಂಗಳಕ್ಕೆ ಹೋಗಿ ವಾರ್ನಾಕ್ಕೆ ಫೋನ್ ಮಾಡಿದಳು.

"ಇವತ್ತು ಅವರಿಗೆ ಸರಿ ಇಲ್ಲ ಕಣೇ," ಎಂದಳು ನೇದ್ಕಾ. ಆದರೂ ಫೋನ್ ಅವನ ಕಿವಿಗಿಟ್ಟಳು.

"ಲ್ಯುಬೆನ್, ಉಳೀತು! ನಮ್ಮ ಬಿಲ್ಲೆ ಉಳೀತು!"

ಆ ಕಡೆಯಿಂದ ಮರ್ಯಾದೆಯ ದನಿ: "ತುಂಬಾ ಸಂತೋಷ. ತಾವು ಯಾರು ಅಂತ ಗೊತ್ತಾಗ್ಲಿಲ್ಲ."

ವೆಸೆಲೀನಾ ಗೋಡೆಗೆ ಒರಗಿದಳು. "ನಾನು ವೆಸೆಲೀನಾ. ಗಾಬ್ರೊವೊದಲ್ಲಿ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡ್ತಿದ್ವಿ," ಎಂದು ಮೊದಲಿನಿಂದ ಹೇಳತೊಡಗಿದಳು.